ವೇಷ ಕಳಚಿದ ಮೇಲೆ

ಗುಬ್ಬಿ ಎಂಬ ಪುಟ್ಟ ಊರಿನ ಹೆಸರನ್ನು ಕನ್ನಡನಾಡಿನ ಮೂಲೆಮೂಲೆಗೂ ಮುಟ್ಟಿಸಿದ್ದು ನಾಟಕ ಕಂಪನಿ. 1884ರಲ್ಲಿ ಅಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ (1891–1972) ಕೈಗೆ ಬಂದು, ಊರೂರು ತಿರುಗಿ, ಕಡೆಗೆ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ಜನರನ್ನು ಬೆರಗುಗೊಳಿಸಿದ ಕಥೆ ಹಳೆಯ ತಲೆಮಾರಿನವರಿಗೆಲ್ಲ ಗೊತ್ತು. ಆದರೆ ಕಂಪನಿಯ ಆರಂಭದ ದಿನಗಳ ಒಂದು ಸಂಗತಿಯನ್ನು ಮಾತ್ರ ಯಾರೂ ವಿಶೇಷವೆಂದು ಎಣಿಸುವುದಿಲ್ಲ. ಆ ಕಾಲದ ನಾಟಕಗಳಲ್ಲಿ ಸೀತೆ, ದ್ರೌಪದಿ, ಚಂದ್ರಮತಿ ಎಲ್ಲರೂ ಗಂಡಸರೇ. ಮನೆಯ ಹೆಂಗಸು ಬಣ್ಣ ಹಚ್ಚಿದರೆ ಮಾನ ಹೋಯಿತೆಂದು ತಿಳಿದಿದ್ದ ಕಾಲ ಅದು. ಎಳೆಯ ಕಂಠದ ಹುಡುಗರು, ತೆಳು ಮೈಕಟ್ಟಿನ ಯುವಕರು ಮೀಸೆ ಬೋಳಿಸಿ, ಚೌರಿ ಕಟ್ಟಿ, ಕಾಡಿಗೆ ತೀಡಿ, ಸೀರೆಯುಟ್ಟು ದೀಪದ ಬೆಳಕಿಗೆ ಬಂದು ನಿಲ್ಲುತ್ತಿದ್ದರು. ಚಂದ್ರಮತಿ ಮಗನ ಶವದ ಮುಂದೆ ಅತ್ತರೆ ಹೆಂಗಸರೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ವೀರಣ್ಣನವರು ಬಿ. ಜಯಮ್ಮನವರಂಥ ನಟಿಯರಿಗೆ ರಂಗದ ಬಾಗಿಲು ತೆರೆದ ಮೇಲೆ ಈ ಪದ್ಧತಿ ನಿಧಾನವಾಗಿ ಹಿಂದೆ ಸರಿಯಿತು.

ಪಕ್ಕದ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರು ಸೀರೆಯುಡುತ್ತಿದ್ದ ರೀತಿಯನ್ನು ಶ್ರೀಮಂತರ ಮನೆಯ ಹೆಂಗಸರೇ ನೋಡಿ ಕಲಿಯುತ್ತಿದ್ದರಂತೆ. 1964ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಗುಜರಾತಿನ ಜಯಶಂಕರ ಭೋಜಕ್ ಒಂದು ಸ್ತ್ರೀಪಾತ್ರದಿಂದಾಗಿ ಬದುಕಿಡೀ ‘ಸುಂದರಿ’ ಎಂದೇ ಹೆಸರಾದರು. ಅವರಿಗೆ 1971ರಲ್ಲಿ ಪದ್ಮಭೂಷಣ. ಹೆಣ್ಣುಡುಗೆ ತೊಟ್ಟ ಗಂಡಸನ್ನು ಈ ದೇಶ ಹೀಗೆ ತಲೆಯ ಮೇಲೆ ಹೊತ್ತು ಮೆರೆಸಿದ್ದುಂಟು.

ಇದೇ ದೇಶದ ಇನ್ನೊಂದು ಮುಖವನ್ನೂ ನೋಡಬೇಕು. ಗುಬ್ಬಿ ಕಂಪನಿ ಹುಟ್ಟಿದ ಅದೇ 1884ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂತು. ಖೈರಾತಿ ಎಂಬ ವ್ಯಕ್ತಿ ಹೆಣ್ಣುಡುಗೆ ತೊಟ್ಟು ಹೆಂಗಸರ ನಡುವೆ ಹಾಡುತ್ತಿದ್ದುದೇ ಪೊಲೀಸರ ಅನುಮಾನಕ್ಕೆ ಕಾರಣ. ಹಿಡಿದು ತಂದರು, ವೈದ್ಯರಿಂದ ಮೈ ತಪಾಸಣೆ ಮಾಡಿಸಿದರು, ದಂಡ ಸಂಹಿತೆಯ 377ನೇ ಕಲಮಿನಡಿ ಕೆಳಗಿನ ನ್ಯಾಯಾಲಯ ಶಿಕ್ಷೆಯನ್ನೂ ವಿಧಿಸಿತು. ಅಪರಾಧ ಎಂದು ನಡೆಯಿತು, ಎಲ್ಲಿ ನಡೆಯಿತು, ಯಾರೊಡನೆ ನಡೆಯಿತು ಎಂಬುದಕ್ಕೆ ಒಂದೂ ವಿವರವಿಲ್ಲವೆಂದು ಹೈಕೋರ್ಟು ಆ ಶಿಕ್ಷೆಯನ್ನು ರದ್ದು ಮಾಡಬೇಕಾಯಿತು. ಅದಕ್ಕೂ ಮೊದಲೇ, 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೇ ಭಾಗವು, ಸರ್ಕಾರ ಪಟ್ಟಿ ಮಾಡಿದ ‘ನಪುಂಸಕರು’ ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಲು, ಎರಡು ವರ್ಷದವರೆಗೆ ಸೆರೆಯಲ್ಲಿಡಲು ಅವಕಾಶ ಕೊಟ್ಟಿತ್ತು. ಪರದೆಯ ಒಳಗಿದ್ದರೆ ಚಪ್ಪಾಳೆ, ಪರದೆಯಾಚೆ ಕಾಲಿಟ್ಟರೆ ಕೈಕೋಳ. ಉಟ್ಟದ್ದು ಮಾತ್ರ ಅದೇ ಸೀರೆ.

ನಾಟಕಕ್ಕಾಗಿ ವೇಷ ಹಾಕಿದವರು ಕಲಾವಿದರು. ಅವರ ವೃತ್ತಿಯ ಹಿಂದೆ ಬೇರೇನೋ ಇತ್ತೆಂದು ಊಹಿಸುವುದು ಅವರಿಗೆ ಮಾಡುವ ಅನ್ಯಾಯ. ಇಲ್ಲಿ ಹೇಳಹೊರಟಿರುವುದು ಬೇರೆಯವರ ವಿಷಯ. ಯಾವ ನಾಟಕವೂ ಇಲ್ಲದೆ, ಯಾವ ಹರಕೆಯೂ ಇಲ್ಲದೆ, ಕೇವಲ ತಮ್ಮ ಮನಸ್ಸಿನ ನೆಮ್ಮದಿಗಾಗಿ ಇನ್ನೊಂದು ಲಿಂಗದ ಉಡುಪು ತೊಡುವವರು ಇದ್ದಾರೆ. ಇಂಗ್ಲಿಷಿನಲ್ಲಿ ಅವರನ್ನು ಕ್ರಾಸ್‌ಡ್ರೆಸ್ಸರ್ ಎನ್ನುತ್ತಾರೆ. ಕನ್ನಡದಲ್ಲಿ ಅವರಿಗೆ ಮರ್ಯಾದೆಯ ಒಂದು ಹೆಸರು ಇನ್ನೂ ರೂಢಿಗೆ ಬಂದಿಲ್ಲ, ಬಂದಿರುವುದೆಲ್ಲ ಬೈಗುಳ. ಹೆಸರಿಲ್ಲದವರಿಗೆ ನೆಲೆ ಎಲ್ಲಿಂದ ಬರಬೇಕು?

ಪರಂಪರೆಯಲ್ಲಿ ಹುಡುಕಿದರೆ ಹೆಣ್ಣುವೇಷಕ್ಕೇನೂ ಕೊರತೆಯಿಲ್ಲ. ಮೋಹಿನಿಯಾದವನು ಸಾಕ್ಷಾತ್ ವಿಷ್ಣು. ಅರ್ಜುನ ಬೃಹನ್ನಳೆಯಾಗಿ ವಿರಾಟನ ಅರಮನೆಯಲ್ಲಿ ಒಂದು ವರ್ಷ ಉತ್ತರೆಗೆ ನಾಟ್ಯ ಕಲಿಸಿದ. ಕೀಚಕನನ್ನು ಕೊಲ್ಲಲು ಭೀಮ ಹೆಣ್ಣಾಗಿ ಹೋದದ್ದನ್ನು ನೋಡಲು ಜನ ಇಂದಿಗೂ ರಾತ್ರಿಯಿಡೀ ನಿದ್ದೆಗೆಟ್ಟು ಕೂರುತ್ತಾರೆ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದಿಗೆಯಿದೆ. ಚದುರಿಹೋಗಿದ್ದ ವಚನಗಳನ್ನು ಕಲೆಹಾಕಿಸಿದ ಕೀರ್ತಿ ಆ ಪರಂಪರೆಗೆ ಸಲ್ಲುತ್ತದೆ. ಆ ವಚನಗಳ ಸಾಲಿನಲ್ಲಿ ‘ಶರಣಸತಿ ಲಿಂಗಪತಿ’ ಎಂಬ ಭಾವವೊಂದಿದೆ. ಮೀಸೆ ಹೊತ್ತ ಶರಣರು ಕೂಡ ತಮ್ಮನ್ನು ಹೆಂಡತಿಯೆಂದೂ ಲಿಂಗವನ್ನು ಗಂಡನೆಂದೂ ಕರೆದುಕೊಂಡರು; ಅದರಿಂದ ಯಾರ ಗಂಡಸುತನಕ್ಕೂ ಕುಂದು ಬರಲಿಲ್ಲ. ರಾಮಕೃಷ್ಣ ಪರಮಹಂಸರು ಮಧುರಭಾವದ ಸಾಧನೆಯ ದಿನಗಳಲ್ಲಿ ಸೀರೆಯುಟ್ಟು ಹೆಂಗಸರ ನಡುವೆ ಇದ್ದದ್ದು ಅವರ ಜೀವನಚರಿತ್ರೆಯಲ್ಲೇ ದಾಖಲಾಗಿದೆ.

ಬೆಂಗಳೂರಿನ ಕರಗವನ್ನು ನೋಡಿ. ಚೈತ್ರದ ಹುಣ್ಣಿಮೆಯಂದು ಧರ್ಮರಾಯನ ಗುಡಿಯಿಂದ ಹೂವಿನ ಕರಗ ಹೊತ್ತು ಹೊರಡುವ ತಿಗಳ ಸಮುದಾಯದ ಪೂಜಾರಿ ಹೆಣ್ಣಿನಂತೆ ಉಟ್ಟು, ಬಳೆ ತೊಟ್ಟು, ಕುಂಕುಮವಿಟ್ಟು, ಹೆಂಡತಿಯ ತಾಳಿಯನ್ನು ತನ್ನ ಕೊರಳಿಗೆ ಹಾಕಿಕೊಂಡಿರುತ್ತಾನೆ. ಆ ದಿನಗಳಲ್ಲಿ ಅವನೇ ದ್ರೌಪದಿ. ಉತ್ಸವ ಮುಗಿದ ಮೇಲೆ ತಾಳಿ ಹೆಂಡತಿಯ ಕೊರಳಿಗೆ ಮರಳುತ್ತದೆ, ಅವನು ಎಂದಿನ ಗೃಹಸ್ಥನಾಗುತ್ತಾನೆ. ಇನ್ನು ಜೋಗತಿಯರದು ಬೇರೆ ದಾರಿ, ಅವರು ಮರಳುವುದಿಲ್ಲ. ಯಲ್ಲಮ್ಮನಿಗೋ ಹುಲಿಗೆಮ್ಮನಿಗೋ ಮುತ್ತು ಕಟ್ಟಿಸಿಕೊಂಡ ಮೇಲೆ ಬದುಕೇ ಬೇರೆ. ಬಳ್ಳಾರಿ ಕಡೆಯ ಮಾತಾ ಬಿ. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ ಆ ಗಳಿಗೆಯನ್ನು ನಾಡೆಲ್ಲ ಕಣ್ತುಂಬಿಕೊಂಡಿತು.

ಈ ಎಲ್ಲ ಉದಾಹರಣೆಗಳಲ್ಲೂ ಒಂದು ಸಾಮಾನ್ಯ ಅಂಶವಿದೆ. ವೇಷಕ್ಕೆ ಪ್ರತಿಸಲವೂ ಒಂದು ಅನುಮತಿ ಚೀಟಿ ಬೇಕಾಯಿತು. ಅರ್ಜುನನಿಗೆ ಶಾಪ, ಭೀಮನಿಗೆ ಉಪಾಯ, ಶರಣನಿಗೆ ಭಕ್ತಿ, ಕರಗದವನಿಗೆ ದೇವಿಯ ಅಪ್ಪಣೆ, ನಟನಿಗೆ ಪಾರ್ಟು. ಸೀರೆ ಉಟ್ಟವನು ‘ಇದು ನನಗಾಗಿ ಅಲ್ಲ’ ಎಂದು ಹೇಳಬಲ್ಲವನಾದರೆ ಸಮಾಜ ಅವನಿಗೆ ಮಣೆ ಹಾಕಿತು. ‘ಇದು ನನಗಾಗಿಯೇ’ ಎನ್ನುವವನಿಗೆ ಹಳೆಯ ಕಾಲದಲ್ಲೂ ಜಾಗವಿರಲಿಲ್ಲ, ಈಗಲೂ ಸುಲಭವಾಗಿ ಸಿಗುತ್ತಿಲ್ಲ.

ಅಂಥವನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಲೆಕ್ಕ ಬಿಡಿಸುವಾಗ ಗೊತ್ತಿಲ್ಲದ ಸಂಖ್ಯೆಯನ್ನು ‘ಕ್ಷ’ ಎಂದಿರಲಿ ಎನ್ನುವುದಿಲ್ಲವೇ? ಹಾಗೆ. ಇವನು ನಿಜವಾದ ಯಾವ ವ್ಯಕ್ತಿಯೂ ಅಲ್ಲ, ಆದರೆ ಇಂಥವರಿಲ್ಲವೆಂದೂ ಅಲ್ಲ. ತುಮಕೂರಿನ ಒಂದು ಕಚೇರಿಯಲ್ಲಿ ಕೆಲಸ, ವಯಸ್ಸು ನಲವತ್ತರ ಆಸುಪಾಸು. ಗುಬ್ಬಿಯ ಕಡೆ ನಾಲ್ಕಾರು ತೆಂಗಿನ ಮರಗಳ ಹಿತ್ತಿಲು, ಹೆಂಡತಿಯ ತವರು ಕುಣಿಗಲ್, ಶಾಲೆಗೆ ಹೋಗುವ ಮಗಳು. ಹಬ್ಬಕ್ಕೆ ಹೊಸಬಟ್ಟೆ, ತಿಂಗಳ ಕೊನೆಗೆ ಕೈಸಾಲ. ಎಲ್ಲರಂತೆ ಒಂದು ಸಂಸಾರ. ಅವನ ಮೇಲಿನ ಅಟ್ಟದಲ್ಲಿ ಬೀಗ ಹಾಕಿದ ಒಂದು ಟ್ರಂಕಿದೆ. ಅದರಲ್ಲಿ ಎರಡು ಸೀರೆ, ಒಂದು ಡಜನ್ ಬಳೆ, ಒಂದು ಕಾಡಿಗೆ ಡಬ್ಬಿ. ಹೆಂಡತಿ ಮಗಳೊಂದಿಗೆ ತವರಿಗೆ ಹೋದ ದಿನ ಬಾಗಿಲಿಗೆ ಚಿಲಕ ಹಾಕಿ ಅದನ್ನು ಇಳಿಸುತ್ತಾನೆ. ಎರಡು ಗಂಟೆ ಕಾಲ ಸೀರೆಯುಟ್ಟು ಸುಮ್ಮನೆ ಕುಳಿತಿರುತ್ತಾನೆ, ಒಲೆ ಹಚ್ಚಿ ಕಾಫಿ ಮಾಡಿಕೊಳ್ಳುತ್ತಾನೆ, ಪೇಪರು ಓದುತ್ತಾನೆ. ಅಷ್ಟೇ. ನೋಡುವವರಿಗೆ ಇದರಲ್ಲಿ ಅಂಥದ್ದೇನಿದೆ ಎನ್ನಿಸಬಹುದು. ಅವನಿಗೆ ಮಾತ್ರ ಬಿಗಿದ ಬೂಟು ಬಿಚ್ಚಿದಂಥ ಹಗುರ. ಆಮೇಲೆ ಹಣೆಯ ಬೊಟ್ಟಿನ ಗುರುತು ಹೋಗುವವರೆಗೂ ಸೋಪು ತಿಕ್ಕಿಕೊಳ್ಳುತ್ತಾನೆ. ಇನ್ನು ಮುಟ್ಟುವುದಿಲ್ಲವೆಂದು ಶಪಥ ಮಾಡಿ ಟ್ರಂಕನ್ನು ಕೆರೆಗೆ ಎಸೆದು ಬಂದದ್ದೂ ಇದೆ, ವರ್ಷದೊಳಗೆ ಹೊಸದನ್ನು ಕೊಂಡದ್ದೂ ಇದೆ.

ಅವನಿಗೆ ಗಂಡಸರ ಮೇಲೆ ಮೋಹವಿಲ್ಲ. ಹೆಂಡತಿಯ ಮೇಲೆ ನಿಜವಾದ ಪ್ರೀತಿಯಿದೆ. ಹೆಣ್ಣಾಗಿಯೇ ಬದುಕಬೇಕೆಂಬ ಆಸೆಯೂ ಇಲ್ಲ. ಶಸ್ತ್ರಚಿಕಿತ್ಸೆಯ ಮಾತು ಕೇಳಿದರೇ ಮೈ ನಡುಗುತ್ತದೆ. ಹಾಗಾದರೆ ತಾನು ಯಾರು? ಈ ಪ್ರಶ್ನೆಗೆ ಅವನಿಗೆ ಗೊತ್ತಿರುವ ಯಾವ ಪದವೂ ಉತ್ತರವಾಗುವುದಿಲ್ಲ.

ಒಂದು ದಿನ ಟ್ರಂಕು ಹೆಂಡತಿಯ ಕೈಗೆ ಸಿಗುತ್ತದೆ. “ರೀ, ಇದು ಯಾರ ಸೀರೆ?” ಎಂಬ ಅವಳ ಮೊದಲ ಪ್ರಶ್ನೆಯಲ್ಲಿರುವುದು ಇನ್ನೊಬ್ಬಳ ಅನುಮಾನ. ನಿಜ ಹೇಳಿದರೆ ಆ ಅನುಮಾನ ತೀರುತ್ತದೆ, ಅದಕ್ಕಿಂತ ದೊಡ್ಡ ದಿಗಿಲು ಶುರುವಾಗುತ್ತದೆ. ತನ್ನಲ್ಲೇ ಏನಾದರೂ ಕೊರತೆಯಿತ್ತೆ? ಇಷ್ಟು ವರ್ಷ ಕೈಹಿಡಿದು ಬಾಳಿದ ಮನುಷ್ಯ ಇವನೇ ಹೌದೆ? ನಾಳೆ ಮಗಳ ಮದುವೆಯ ಹೊತ್ತಿಗೆ ನಾಲ್ಕು ಜನರ ಬಾಯಿಗೆ ಬಿದ್ದರೆ? ಅವಳ ಸಿಟ್ಟು ಅನ್ಯಾಯದ್ದಲ್ಲ. ಸೀರೆಗಿಂತ ಹೆಚ್ಚಾಗಿ ಅವಳನ್ನು ಚುಚ್ಚುವುದು ಆ ಬೀಗ. ಇಂಥವರ ವಿಷಯ ಬರೆಯುವವರು ಟ್ರಂಕಿನ ಒಡೆಯನ ನೋವನ್ನಷ್ಟೇ ಹೇಳಿ ಬೀಗದ ಹೊರಗೆ ನಿಂತವಳನ್ನು ಮರೆಯುವುದುಂಟು. ಹಾಗಾಗಬಾರದು.

ವಿಜ್ಞಾನ ಏನು ಹೇಳುತ್ತದೆ? 1910ರಲ್ಲಿ ಜರ್ಮನಿಯ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಇಂಥವರ ಬಗ್ಗೆಯೇ ಒಂದು ದೊಡ್ಡ ಗ್ರಂಥ ಬರೆದು, ಲ್ಯಾಟಿನ್ ಪದಗಳನ್ನು ಜೋಡಿಸಿ ‘ಟ್ರಾನ್ಸ್‌ವೆಸ್ಟೈಟ್’ ಎಂಬ ಹೆಸರು ಕೊಟ್ಟ. ಅವನ ಮುಖ್ಯ ಮಾತು ಇದು: ಉಡುಗೆಯ ಒಲವು ಬೇರೆ, ಯಾರ ಮೇಲೆ ಮನಸ್ಸಾಗುತ್ತದೆಂಬುದು ಬೇರೆ. ಅವನು ಕಂಡವರಲ್ಲಿ ಮದುವೆಯಾಗಿ ಸಂಸಾರ ಮಾಡುತ್ತಿದ್ದ ಗಂಡಸರು ಬಹಳಷ್ಟು ಮಂದಿ ಇದ್ದರು. ಆಮೇಲೆ ಬಹುಕಾಲ ವೈದ್ಯಲೋಕ ಇದನ್ನು ಕಾಯಿಲೆಗಳ ಪಟ್ಟಿಯಲ್ಲಿ ಇಟ್ಟಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿ 2022ರಿಂದ ಜಾರಿಗೆ ತಂದ ರೋಗಗಳ ಹೊಸ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಬಟ್ಟೆ ಕಾಯಿಲೆಯಲ್ಲವೆಂದು ತಿಳಿಯಲು ಒಂದು ಶತಮಾನ ಹಿಡಿಯಿತು!

ಸರಿ, ಕಾಯಿಲೆಯಲ್ಲ, ಅಪರಾಧವೂ ಅಲ್ಲ. 377ನೇ ಕಲಮಿನ ಕಾಟವೂ ವಯಸ್ಕರ ಸಮ್ಮತಿಯ ಮಟ್ಟಿಗೆ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ತೀರ್ಪಿನೊಂದಿಗೆ ಮುಗಿಯಿತು. ಈಗ ಎಲ್‌ಜಿಬಿಟಿ ಎಂಬ ನಾಲ್ಕಕ್ಷರದ ಸೂರೊಂದಿದೆ. 2008ರಿಂದ ಬೆಂಗಳೂರಿನ ಬೀದಿಗಳಲ್ಲಿ ಮೆರವಣಿಗೆಗಳೂ ನಡೆದಿವೆ. ಕುಣಿಗಲ್ ದಾರಿಯಲ್ಲೋ ನೆಲಮಂಗಲದ ದಾರಿಯಲ್ಲೋ ಬಸ್ಸು ಹತ್ತಿ ಎರಡು ಮೂರು ತಾಸಿನಲ್ಲಿ ಅಲ್ಲಿಗೆ ತಲುಪಬಹುದಲ್ಲ, ಇನ್ನೇನು ಕಷ್ಟ ಎಂದು ಕೇಳಬಹುದು. ಕಷ್ಟ ಅಲ್ಲಿಯೇ ಇದೆ. ಆ ಸೂರಿನ ಕೆಳಗೆ ನಿಂತರೂ ಅವನಿಗೆ ಎದುರಾಗುವ ಪ್ರಶ್ನೆ ಅದೇ: ನೀನು ಯಾರು? ಸಲಿಂಗಿಯೆ? ಅಲ್ಲ. ಲಿಂಗ ಬದಲಿಸಿಕೊಂಡವಳೆ? ಅಲ್ಲ. ಹಿಜ್ರಾ ಜಮಾತಿನವಳೆ? ಅಲ್ಲಿ ಗುರು-ಚೇಲಾ ಸಂಬಂಧವಿದೆ, ಕಟ್ಟುಕಟ್ಟಳೆಯಿದೆ. ಸಂಜೆ ಬಂದು ಬೆಳಿಗ್ಗೆ ಪ್ಯಾಂಟು ಹಾಕಿಕೊಂಡು ಆಫೀಸಿಗೆ ಹೋಗುವವನಿಗೆ ಅಲ್ಲಿ ಪಾಲಿಲ್ಲ.

ಆ ಕಡೆಯವರ ಸಂಕೋಚಕ್ಕೂ ಕಾರಣವಿದೆ. ಹಿಜ್ರಾ ಒಬ್ಬಳು ಮನೆಮಠ ಬಿಟ್ಟು, ಪೊಲೀಸರ ಲಾಠಿ ತಿಂದು, ಬಾಡಿಗೆಗೆ ಒಂದು ಕೋಣೆ ಸಿಗದೆ ಬದುಕಿದವಳು. ‘ಇವನಿಗೇನು, ಮೀಸೆ ಬಿಟ್ಟರೆ ಸಾಹೇಬ, ಸೀರೆ ಉಟ್ಟರೆ ನಮ್ಮ ಬಳಗ, ಸಮಯ ಬಂದಾಗ ತಪ್ಪಿಸಿಕೊಳ್ಳುವ ಬಾಗಿಲು ಇವನಿಗಿದೆ’ ಎಂದು ಅವಳಿಗೆ ಅನ್ನಿಸಿದರೆ ಅದು ಸುಳ್ಳೇನಲ್ಲ. ತೀರದ ಕಷ್ಟ ಉಂಡವರು ಅರೆಕಷ್ಟದವರನ್ನು ನೆಂಟರೆಂದು ಸುಲಭಕ್ಕೆ ಒಪ್ಪುವುದಿಲ್ಲ. ಆದರೆ ತಪ್ಪಿಸಿಕೊಳ್ಳುವ ಆ ಬಾಗಿಲೇ ಅವನ ಸೆರೆಮನೆಯ ಬಾಗಿಲೂ ಹೌದು. ದಿನವೂ ಅದರೊಳಗೆ ಹೋಗಿ ಅವನೇ ಚಿಲಕ ಹಾಕಿಕೊಳ್ಳಬೇಕು.

ಈ ಜಗಳ ತುಮಕೂರು, ಬೆಂಗಳೂರುಗಳದಷ್ಟೇ ಅಲ್ಲ. ಅಮೆರಿಕದಲ್ಲಿ ಔಷಧವಿಜ್ಞಾನದ ಡಾಕ್ಟರೇಟ್ ಪಡೆದಿದ್ದ ವರ್ಜಿನಿಯಾ ಪ್ರಿನ್ಸ್ ಎಂಬವರು 1960ರಲ್ಲಿ ‘ಟ್ರಾನ್ಸ್‌ವೆಸ್ಟಿಯಾ’ ಎಂಬ ಪತ್ರಿಕೆ ಆರಂಭಿಸಿ, ಹೆಣ್ಣುಡುಗೆ ತೊಡುವ ಗೃಹಸ್ಥರನ್ನು ಒಂದುಗೂಡಿಸಿದರು. ಆದರೆ ತಮ್ಮ ಸಂಘದೊಳಕ್ಕೆ ಸಲಿಂಗಿಗಳನ್ನೂ ಲಿಂಗ ಬದಲಿಸಿಕೊಳ್ಳುವವರನ್ನೂ ಬಿಟ್ಟುಕೊಳ್ಳಲಿಲ್ಲ. ‘ನಾವು ಮರ್ಯಾದಸ್ಥರು’ ಎಂಬ ಗೆರೆ ಎಳೆದರು. ನ್ಯೂಯಾರ್ಕಿನ ಸಿಲ್ವಿಯಾ ರಿವೇರಾ, ಮಾರ್ಷಾ ಜಾನ್ಸನ್ ಎಂಬ ಇಬ್ಬರು 1970ರಲ್ಲಿ ಬೀದಿಪಾಲಾದ ಇಂಥವರಿಗಾಗಿಯೇ ಸಂಘ ಕಟ್ಟಿ, ಅದರ ಹೆಸರಿನಲ್ಲಿಯೇ ‘ಟ್ರಾನ್ಸ್‌ವೆಸ್ಟೈಟ್’ ಪದ ಇಟ್ಟುಕೊಂಡರು. 1973ರ ಮೆರವಣಿಗೆಯ ಸಭೆಯಲ್ಲಿ ರಿವೇರಾ ಮಾತಾಡಲು ನಿಂತಾಗ ಕೂಗಿ ಅಡ್ಡಿಪಡಿಸಿದವರು ಹೊರಗಿನವರಲ್ಲ. ಅದೇ ಮೆರವಣಿಗೆಯಲ್ಲಿ ನಡೆದು ಬಂದವರು. ಹೊರಗಿಟ್ಟವರೇ ಹೊರಗಿಡುವುದನ್ನು ಕಲಿಯುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಾನೂನಿನಲ್ಲೂ ಅವನ ಜಾಗ ಮಸುಕು ಮಸುಕು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ಪ್ರಕರಣದಲ್ಲಿ ಕೊಟ್ಟ ತೀರ್ಪು, ಉಡುಗೆ, ಮಾತು, ನಡೆಗಳ ಮೂಲಕ ತನ್ನ ಲಿಂಗಭಾವವನ್ನು ತೋರಿಸಿಕೊಳ್ಳುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಹೇಳಿತು. ಖೈರಾತಿಯ ಕಾಲದಿಂದ ಎಷ್ಟು ದೂರ ಬಂದಂತಾಯಿತು! ಆದರೆ 2019ರಲ್ಲಿ ಸಂಸತ್ತು ಒಪ್ಪಿದ ಲಿಂಗತ್ವ ಅಲ್ಪಸಂಖ್ಯಾತರ ಕಾಯ್ದೆ, ಯಾರು ಯಾರು ಇದರೊಳಗೆ ಬರುತ್ತಾರೆಂದು ಹಿಜ್ರಾ, ಕಿನ್ನರ್, ಅರವಾಣಿ, ಜೋಗತ ಎಂದೆಲ್ಲ ಹೆಸರಿಸುವಾಗ ಟ್ರಂಕಿನ ಒಡೆಯನ ಹೆಸರನ್ನು ಹೇಳಲಿಲ್ಲ. 2011ರ ಜನಗಣತಿಯಲ್ಲಿ ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂಬ ‘ಇತರೆ’ ಕಲಮಿನಲ್ಲಿ ಕರ್ನಾಟಕದ 20,266 ಮಂದಿ ಲೆಕ್ಕಕ್ಕೆ ಬಂದರು. ನಮ್ಮ ‘ಕ್ಷ’ ಅದರಲ್ಲೂ ಇರುವುದಿಲ್ಲ. ಅವನು ‘ಗಂಡು’ ಎಂದು ಬರೆಸಿದವನು. ಬರೆಸಿದ್ದು ಸುಳ್ಳೂ ಅಲ್ಲ.

ಹೈಸ್ಕೂಲಿನ ಜೀವಶಾಸ್ತ್ರ ಓದಿದವರಿಗೆ ಯೂಗ್ಲಿನಾ ನೆನಪಿರಬಹುದು. ಕೆರೆಕುಂಟೆಗಳ ಹಸಿರು ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಬಾಲದಂಥ ಎಳೆಯನ್ನು ಬೀಸುತ್ತ ಈಜಾಡುವ ಏಕಕೋಶ ಜೀವಿ. ಅದರ ಮೈಯಲ್ಲಿ ಹರಿತ್ತು ಇದೆ, ಬಿಸಿಲಿದ್ದರೆ ಗಿಡದಂತೆ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ. ಕತ್ತಲಾದರೆ ಪ್ರಾಣಿಯಂತೆ ಸುತ್ತಲಿನಿಂದ ಆಹಾರ ಹೀರಿ ಬದುಕುತ್ತದೆ. ಸಸ್ಯಶಾಸ್ತ್ರದವರು ಅದನ್ನು ಸಸ್ಯವೆಂದರು, ಪ್ರಾಣಿಶಾಸ್ತ್ರದವರು ಪ್ರಾಣಿಯೆಂದರು. ಎರಡೂ ಪುಸ್ತಕದಲ್ಲಿ ಅದರ ಚಿತ್ರ ಬಂತು. 1866ರಲ್ಲಿ ಹೆಕೆಲ್ ಇಂಥವಕ್ಕೆಲ್ಲ ಮೂರನೆಯ ಸಾಮ್ರಾಜ್ಯ ಬೇಕೆಂದ. 1969ರಲ್ಲಿ ವಿಟೇಕರ್ ಐದು ಸಾಮ್ರಾಜ್ಯಗಳೆಂದ. ಆಮೇಲೂ ವಾದ ನಿಂತಿಲ್ಲ. ಇಷ್ಟೆಲ್ಲ ನಡೆಯುವಾಗ ಯೂಗ್ಲಿನಾಕ್ಕೆ ಏನೂ ತೊಂದರೆಯಾಗಲಿಲ್ಲ. ತೊಂದರೆ ಇದ್ದದ್ದು ಎರಡೇ ಖಾನೆಯ ಬೀರು ಮಾಡಿಸಿದ್ದವರಿಗೆ. ಅದು ಹಗಲು ಬಿಸಿಲನ್ನೂ ಇರುಳು ನೀರನ್ನೂ ನಂಬಿ ಇದ್ದ ಕೆರೆಯಲ್ಲೇ ಇತ್ತು. ಮನುಷ್ಯನ ಕಷ್ಟವೆಂದರೆ ಖಾನೆಯಲ್ಲಿ ಜಾಗ ಸಿಗದಿದ್ದರೆ ಅವನನ್ನು ಕೆರೆಯಿಂದಲೇ ಹೊರಗೆ ಹಾಕುತ್ತಾರೆ.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ಹಿರಿಯರು ಹೇಳಿದ್ದಾರಲ್ಲ ಎಂದು ಯಾರಾದರೂ ವಾದಿಸಬಹುದು. ನಿಜ. ಆದರೆ ಪರರ ಇಚ್ಛೆ ಬದಲಾಗುತ್ತಲೇ ಇರುತ್ತದೆ. ಪ್ಯಾರಿಸಿನಲ್ಲಿ ಹೆಂಗಸರು ಪ್ಯಾಂಟು ತೊಡಲು ಪೊಲೀಸರ ಪರವಾನಗಿ ಬೇಕೆಂಬ 1800ನೇ ಇಸವಿಯ ಆಜ್ಞೆಯೊಂದಿತ್ತು; ಅದಕ್ಕೆ ಬೆಲೆಯಿಲ್ಲವೆಂದು ಸರ್ಕಾರ ಅಧಿಕೃತವಾಗಿ ಹೇಳಿದ್ದು 2013ರಲ್ಲಿ. ಇಂದು ತುಮಕೂರಿನ ಕಾಲೇಜು ಹುಡುಗಿಯರು ಜೀನ್ಸು, ಷರ್ಟು ತೊಟ್ಟು ಸ್ಕೂಟರಿನಲ್ಲಿ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರದೇ ನಾಟಕ ಮಂಡಳಿ ಕಟ್ಟಿ, ಕಂಸ, ರಾವಣರ ಪಾತ್ರಗಳಲ್ಲಿ ಗದೆ ಹಿಡಿದು ಅಬ್ಬರಿಸಿದಾಗ ಜನ ಹೆಮ್ಮೆಪಟ್ಟರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೆಣ್ಣು ಗಂಡಿನ ಉಡುಪಿಗೆ ಏರಿದರೆ ಬಡ್ತಿ, ಗಂಡು ಹೆಣ್ಣಿನ ಉಡುಪಿಗೆ ಇಳಿದರೆ ಅವಮಾನ. ಈ ಏರು ಇಳಿತದ ಲೆಕ್ಕದಲ್ಲಿ ಅಡಗಿರುವುದು ಹೆಣ್ಣನ್ನು ಕೀಳೆಂದು ಎಣಿಸುವ ಹಳೆಯ ಬುದ್ಧಿಯೇ. ಟ್ರಂಕಿನ ಬೀಗಕ್ಕೂ ಆ ಮನೆಯ ಹೆಂಡತಿಯ ಕಣ್ಣೀರಿಗೂ ಕಾರಣ ಒಂದೇ ಎಂದು ಆಗ ತಿಳಿಯುತ್ತದೆ.

ಆ ಗಂಡ ಹೆಂಡತಿಗೆ ಯಾವ ಪರಿಹಾರ ಎಂದು ಹೊರಗಿನವರು ಹೇಳಬರುವುದಿಲ್ಲ. ಇಂಥದ್ದನ್ನು ತಿಳಿದೂ ಒಟ್ಟಿಗೆ ಬಾಳುವ ದಂಪತಿಗಳಿದ್ದಾರೆ, ಬೇರೆಯಾದವರೂ ಇದ್ದಾರೆ. ಮದುವೆಗೆ ಮುಂಚೆಯೇ ಹೇಳಬಹುದಾದಂಥ ಮಾತು ಅದಾಗಿದ್ದಿದ್ದರೆ ಎಷ್ಟೋ ನೋವು ಕಡಿಮೆಯಾಗುತ್ತಿತ್ತು ಎಂಬುದಷ್ಟು ನಿಶ್ಚಯ. ಅದು ಹೇಳಬಹುದಾದ ಮಾತಾಗಬೇಕಾದರೆ ಕೇಳುವವರೂ ಇರಬೇಕು: ಅಣ್ಣತಮ್ಮಂದಿರು, ಗೆಳೆಯರು, ವೈದ್ಯರು, ಜೊತೆಗೆ ಆ ನಾಲ್ಕಕ್ಷರದ ಸೂರಿನ ಕೆಳಗೆ ಮೊದಲೇ ಬಂದು ಕುಳಿತವರು.

ಈಗಲೂ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ, ಸುತ್ತಲಿನ ಹಳ್ಳಿಗಳ ಗುಡಿಯ ಮುಂದಿನ ಬಯಲಿನಲ್ಲಿ ಪೌರಾಣಿಕ ನಾಟಕಗಳು ನಡೆಯುತ್ತವೆ. ದ್ರೌಪದಿಯ ಪಾತ್ರಕ್ಕೆ ಈಗ ನಟಿಯರನ್ನೇ ಕರೆಸುತ್ತಾರೆ, ಅದು ಒಳ್ಳೆಯದೇ. ಆದರೆ ಹಿಂದೆ ರಂಗದ ಮೇಲೆ ವರ್ಷಕ್ಕೊಂದು ರಾತ್ರಿಯಾದರೂ ಸಿಗುತ್ತಿದ್ದ ನೆಪವೂ ಇದರಿಂದ ಕೆಲವರ ಪಾಲಿಗೆ ಇಲ್ಲವಾಯಿತು. ನೆಪಗಳ ಕಾಲ ಮುಗಿದಿದೆ, ನೆಲೆಯ ಕಾಲ ಇನ್ನೂ ಬಂದಿಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ದಾರಿಹೋಕನೊಬ್ಬ ಮನೆ ಬಾಗಿಲಿಗೆ ಬಂದರೆ ಮೊದಲು ಜಗಲಿಯ ಮೇಲೆ ಕೂರಿಸಿ, ಬೆಲ್ಲ ನೀರು ಕೊಟ್ಟು, ಅವನ ದಣಿವಾರಿದ ಮೇಲೆ “ಯಾವೂರಾಯ್ತಪ್ಪ?” ಎಂದು ಕೇಳುವುದು ರೂಢಿ. ಊರು ಹೇಳಿದರೆ ಮಾತ್ರ ನೀರು ಎಂದು ಯಾರೂ ಅನ್ನುತ್ತಿರಲಿಲ್ಲ. ಅಷ್ಟು ಮರ್ಯಾದೆ ಇವನಿಗೂ ಸಾಕು.